ಸೊನ್ನೆ, ಖಾಲಿ ಮತ್ತು 'ನಲ್': ಡೇಟಾಬೇಸಿನ ಒಂದು ಗೊಂದಲ

ಪರೀಕ್ಷೆಗೆ ಗೈರುಹಾಜರಾದ ವಿದ್ಯಾರ್ಥಿಯ ಅಂಕ ಎಷ್ಟು? ಸೊನ್ನೆ ಎನ್ನುವಂತಿಲ್ಲ, ಆತ ಪರೀಕ್ಷೆ ಬರೆದೇ ಇಲ್ಲ. ಕಾಗದದ ಅಂಕಪಟ್ಟಿಯಾದರೆ ಅಲ್ಲೊಂದು ಅಡ್ಡಗೆರೆ ಎಳೆಯಬಹುದು. ಪೂರ್ಣಾಂಕಗಳಿಗೆಂದೇ ಮೀಸಲಾದ ಡೇಟಾಬೇಸ್ ಕಾಲಂನಲ್ಲಿ ಅದಕ್ಕೆ ಅವಕಾಶವಿಲ್ಲ. ಅಲ್ಲಿ ಬಳಸಬೇಕಾದುದು 'ನಲ್', ಅಂದರೆ 'ಮೌಲ್ಯವಿಲ್ಲ' ಎಂಬ ಗುರುತು. ಸಂಬಂಧಾತ್ಮಕ ಡೇಟಾಬೇಸಿನ ಪರಿಕಲ್ಪನೆಯನ್ನು 1970ರಲ್ಲಿ ಮಂಡಿಸಿದ ಐಬಿಎಂನ ಎಡ್ಗರ್ ಕಾಡ್, 1979ರ ಪ್ರಬಂಧದಲ್ಲಿ ಇದನ್ನೂ ಚರ್ಚಿಸಿದ್ದರು.

ತೊಡಕು ಹುಟ್ಟುವುದು ವೆಬ್ ಅರ್ಜಿಯಲ್ಲಿ. ಭರ್ತಿ ಮಾಡದೆ ಬಿಟ್ಟ ಚೌಕವು ಸಾಮಾನ್ಯವಾಗಿ 'ನಲ್' ಆಗಿ ರವಾನೆಯಾಗುವುದಿಲ್ಲ. ಒಂದೂ ಅಕ್ಷರವಿಲ್ಲದ ಪಠ್ಯವಾಗಿ, ಅಂದರೆ ಖಾಲಿ ಸ್ಟ್ರಿಂಗ್ ಆಗಿ ಬರುತ್ತದೆ. ಪೋಸ್ಟ್‌ಗ್ರೆಸ್ ಇದನ್ನು ದೋಷವೆಂದು ತಿರಸ್ಕರಿಸುತ್ತದೆ. ಒರಾಕಲ್ ಇದನ್ನೇ ನಲ್ ಎಂದು ಪರಿಗಣಿಸುತ್ತದೆ. ಮೈಎಸ್‌ಕ್ಯೂಎಲ್ ಮಾತ್ರ, ಕಟ್ಟುನಿಟ್ಟಿನ ವಿಧಾನ ಜಾರಿಯಲ್ಲಿಲ್ಲದಿದ್ದರೆ, ಒಂದು ಎಚ್ಚರಿಕೆ ನೀಡಿ ಸೊನ್ನೆಯನ್ನು ಬರೆದುಬಿಡುತ್ತದೆ. ಆ ಎಚ್ಚರಿಕೆಯನ್ನು ಓದುವವರಾದರೂ ಯಾರು? 2015ರಲ್ಲಿ ಬಂದ 5.7ನೇ ಆವೃತ್ತಿಯಿಂದ ಕಟ್ಟುನಿಟ್ಟಿನ ವಿಧಾನ ತಾನಾಗಿಯೇ ಜಾರಿಯಲ್ಲಿರುತ್ತದೆ. ಹಳೆಯ ತಂತ್ರಾಂಶ ನಿಲ್ಲದಿರಲೆಂದು ಅದನ್ನು ತೆಗೆದುಹಾಕುವವರೂ ಇದ್ದಾರೆ.

ಇದರ ಪರಿಣಾಮ ಸಣ್ಣದಲ್ಲ. ನಾಲ್ವರು 50, 60, 70, 80 ಅಂಕ ಪಡೆದಿದ್ದು, ಐದನೆಯವರು ಗೈರುಹಾಜರಾಗಿದ್ದಾರೆ ಎನ್ನೋಣ. ನಲ್ ಇದ್ದರೆ ಸರಾಸರಿ ಲೆಕ್ಕ ಅದನ್ನು ಬಿಟ್ಟು 65 ಎನ್ನುತ್ತದೆ. ಸೊನ್ನೆ ಸೇರಿದರೆ 52ಕ್ಕೆ ಇಳಿಯುತ್ತದೆ. ಅದಕ್ಕಿಂತಲೂ ಕೆಟ್ಟ ಸಂಗತಿಯೆಂದರೆ, ನಿಜವಾಗಿ ಗಳಿಸಿದ ಸೊನ್ನೆ ಯಾವುದು, ಯಂತ್ರ ತುಂಬಿದ ಸೊನ್ನೆ ಯಾವುದು ಎಂಬುದನ್ನು ಆಮೇಲೆ ಆ ಕಾಲಂನಿಂದ ಪತ್ತೆಹಚ್ಚಲಾಗದು.

ಹಾಗೆಂದು ನಲ್ ನಿರುಪದ್ರವಿಯೇನಲ್ಲ. '35ಕ್ಕಿಂತ ಕಡಿಮೆ' ಅಂಕ ಪಡೆದವರನ್ನು ಕೇಳಿದರೆ ಗೈರುಹಾಜರಾದವರ ಹೆಸರು ಬರುವುದಿಲ್ಲ. '35 ಅಥವಾ ಹೆಚ್ಚು' ಎಂದು ಕೇಳಿದರೂ ಬರುವುದಿಲ್ಲ. ಎರಡೂ ಪಟ್ಟಿಗಳಿಂದ ವಿದ್ಯಾರ್ಥಿಯೇ ಮಾಯ! ನಲ್‌ನೊಡನೆ ಮಾಡಿದ ಹೋಲಿಕೆಗೆ ಹೌದು ಅಥವಾ ಅಲ್ಲ ಎಂಬ ಉತ್ತರವಿಲ್ಲ, 'ತಿಳಿಯದು' ಎಂಬುದಷ್ಟೇ ಉತ್ತರ. ಆದ್ದರಿಂದ ಅವರನ್ನು 'ಈಸ್ ನಲ್' ಎಂಬ ಪ್ರತ್ಯೇಕ ಷರತ್ತಿನಿಂದಲೇ ಹುಡುಕಬೇಕು.

ಪರಿಹಾರ ಸರಳ. ಅರ್ಜಿಯಿಂದ ಬಂದ ಖಾಲಿ ಪಠ್ಯವನ್ನು ದಾಖಲಿಸುವ ಮೊದಲೇ ನಲ್ ಆಗಿ ಬದಲಿಸಬೇಕು. 'ನಲ್‌ಇಫ್' ಎಂಬ ಸೂಚನೆ ಇರುವುದೇ ಇಂತಹ ಕೆಲಸಕ್ಕೆ. ಮೌಲ್ಯ ಕಡ್ಡಾಯವಾದ ಕಾಲಂಗಳಲ್ಲಿ ಮಾತ್ರ ನಲ್ ನಿಷೇಧಿಸಿ, ಅಂತಹ ಅರ್ಜಿಯನ್ನು ಬಳಕೆದಾರರಿಗೇ ಹಿಂದಿರುಗಿಸುವುದು ಲೇಸು.