ಬಂಡೆ ನಾಡಿನಲ್ಲಿ ಬಂಡೆಯ ಪಾಠ
ಕೊಪ್ಪಳ ಸೀಮೆಗೆ ಬೇಕಾದ ಭೂವಿಜ್ಞಾನ ವಿಭಾಗ ಹೇಗಿರಬೇಕು?

ಹನುಮಸಾಗರದ ಸುತ್ತಮುತ್ತ ಹೊಲದಲ್ಲಿ ಬೋರು ಕೊರೆಸುವುದೆಂದರೆ ಮನೆಮಂದಿಯೆಲ್ಲ ಕೂತು ಮಾತಾಡುವ ವಿಷಯ. ಲಾರಿ ಬರುವ ಮೊದಲು ‘ಪಾಯಿಂಟ್’ ಹಾಕಿಸಬೇಕು. ಕೆಲವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವರನ್ನು ಕರೆಸುತ್ತಾರೆ, ಕೆಲವರು ಯಂತ್ರ ತರುವ ಭೂವಿಜ್ಞಾನಿಯನ್ನು. ಆತ ನಾಲ್ಕು ಲೋಹದ ಗೂಟಗಳನ್ನು ಒಂದೇ ಸಾಲಿನಲ್ಲಿ ನೆಲಕ್ಕೆ ಹೊಡೆದು, ಹೊರಗಿನ ಎರಡರಿಂದ ಕರೆಂಟು ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತಾನೆ. ಹೊರಗಿನ ಗೂಟಗಳನ್ನು ದೂರ ಸರಿಸಿದಷ್ಟೂ ಹೆಚ್ಚು ಆಳದ ಸುಳಿವು ಸಿಗುತ್ತದೆ. ಗಟ್ಟಿ ಬಂಡೆ ವಿದ್ಯುತ್ತನ್ನು ತಡೆಯುತ್ತದೆ, ನೀರು ತುಂಬಿದ ಬಿರುಕು ಸಲೀಸಾಗಿ ಹರಿಯಬಿಡುತ್ತದೆ.

ಈ ಕೆಲಸ ಕಲಿಸುವ ಶಾಸ್ತ್ರ ಭೂವಿಜ್ಞಾನ. ಕರ್ನಾಟಕದ ಪಿಯುಸಿ ವಿಷಯಗಳ ಪಟ್ಟಿಯಲ್ಲಿ ಭೂಗರ್ಭಶಾಸ್ತ್ರವೂ ಇದೆ. ಆದರೆ ಅದನ್ನು ಕಲಿಸುವ ಕಾಲೇಜುಗಳು ವಿರಳ. ಬೆಂಗಳೂರು, ಮೈಸೂರು, ಧಾರವಾಡ, ಶಂಕರಘಟ್ಟದ ವಿಶ್ವವಿದ್ಯಾಲಯಗಳಲ್ಲಿ ವಿಷಯ ಜೀವಂತವಾಗಿದೆ. ಕಲ್ಲನ್ನೇ ನಂಬಿ ಬದುಕುವ ಕುಷ್ಟಗಿ, ಯಲಬುರ್ಗಾ, ಗಂಗಾವತಿಯ ಮಕ್ಕಳಿಗೆ ಅವೆಲ್ಲ ದೂರದ ಊರುಗಳು.

ಕರ್ನಾಟಕದಲ್ಲಿ ಈ ಶಾಸ್ತ್ರ ಬೇರೂರಿದ ಬಗೆಯನ್ನು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಆಯಾ ನೆಲದ ಅಗತ್ಯವೇ ಆಯಾ ಸಂಸ್ಥೆಯನ್ನು ಹುಟ್ಟಿಸಿದೆ. ಕೋಲಾರದ ಚಿನ್ನ ಮೈಸೂರು ಸಂಸ್ಥಾನದ ಬೊಕ್ಕಸ ತುಂಬುತ್ತಿದ್ದ ಕಾಲದಲ್ಲಿ, 1894ರಲ್ಲಿ, ಸಂಸ್ಥಾನದ ಭೂವಿಜ್ಞಾನ ಇಲಾಖೆ ಶುರುವಾಯಿತು. ಅದರ ಮೊದಲ ಮುಖ್ಯಸ್ಥ ರಾಬರ್ಟ್ ಬ್ರೂಸ್ ಫೂಟ್. ಅದಕ್ಕೂ ಮೊದಲು ಅವರು ಧಾರವಾಡ, ಬಳ್ಳಾರಿ ಸೀಮೆಗಳಲ್ಲಿ ಸುತ್ತಾಡಿ ನಕ್ಷೆ ಬರೆದಿದ್ದರು, ಇಲ್ಲಿನ ಹಳೆಯ ಶಿಲಾಸ್ತರಗಳಿಗೆ ‘ಧಾರವಾಡ’ದ ಹೆಸರಿಟ್ಟಿದ್ದರು. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎಲ್. ರಾಮರಾಯರು, ಸಿ.ಎಸ್. ಪಿಚ್ಚಮುತ್ತು ಅವರಂಥವರು ಪಾಠ ಹೇಳಿ ಪೀಳಿಗೆಗಳನ್ನು ಬೆಳೆಸಿದರು. 1958ರಲ್ಲಿ ಬೆಂಗಳೂರಿನಲ್ಲಿಯೇ ಭಾರತೀಯ ಭೂವೈಜ್ಞಾನಿಕ ಸಂಘ ಹುಟ್ಟಿತು. ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದ ಬಿ.ಪಿ. ರಾಧಾಕೃಷ್ಣ ದಶಕಗಳ ಕಾಲ ಅದರ ಪತ್ರಿಕೆಯನ್ನು ಸಂಪಾದಿಸಿದರು, ಅಂತರ್ಜಲದ ಬಗ್ಗೆ ಕನ್ನಡದಲ್ಲಿಯೂ ಬರೆದರು.

ಕರಾವಳಿಯ ಅಗತ್ಯ ಬೇರೆ. ಅಲ್ಲಿ ಮಂಗಳೂರು ವಿಶ್ವವಿದ್ಯಾಲಯ ಕಡಲ ಭೂವಿಜ್ಞಾನಕ್ಕೇ ಒಂದು ವಿಭಾಗ ಕಟ್ಟಿತು.

ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನ ಇಲಾಖೆ ಶುರುವಾದ ಕಾಲದಲ್ಲಿ ಕೊಪ್ಪಳ ನಿಜಾಮರ ರಾಜ್ಯದಲ್ಲಿತ್ತು. ಮೈಸೂರಿನ ಆ ಬೆಳವಣಿಗೆ ಇಲ್ಲಿಗೆ ಮುಟ್ಟಲಿಲ್ಲ. ಪಕ್ಕದ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನ ಕಾಲದಲ್ಲೇ ಚಿನ್ನಕ್ಕಾಗಿ ಬಂಡೆ ಅಗೆದ ಕುರುಹುಗಳಿವೆ. 1947ರಲ್ಲಿ ಹೈದರಾಬಾದ್ ಹೆಸರಿನಲ್ಲಿ ಆರಂಭವಾದ ಕಂಪನಿ ಈಗಲೂ ಹಟ್ಟಿ ಚಿನ್ನದ ಗಣಿಯಾಗಿ ನಡೆದಿದೆ. ಗಣಿ ಬೆಳೆಯಿತು, ಅದರ ಬಗಲಲ್ಲಿ ಗಣಿಯ ಶಾಸ್ತ್ರ ಕಲಿಸುವ ಕಾಲೇಜು ಬೆಳೆಯಲಿಲ್ಲ.

ಈ ಭಾಗಕ್ಕೆ ಹತ್ತಿರದ ಮಾದರಿ ಸಂಡೂರು ತಾಲ್ಲೂಕಿನ ನಂದಿಹಳ್ಳಿ. ಕಬ್ಬಿಣದ ಅದಿರಿನ ಗುಡ್ಡಗಳ ನಡುವೆ ಗುಲಬರ್ಗಾ ವಿಶ್ವವಿದ್ಯಾಲಯ ತೆರೆದ ಸ್ನಾತಕೋತ್ತರ ಕೇಂದ್ರ ಈಗ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಸೇರಿದೆ. ಅಲ್ಲಿನ ಖನಿಜ ಸಂಸ್ಕರಣೆಯ ವಿಭಾಗದಂಥದ್ದು ದೇಶದಲ್ಲಿಯೇ ಅಪರೂಪ. ಅದಿರನ್ನು ಪುಡಿ ಮಾಡಿ, ತೂಕ, ಕಾಂತಗುಣ, ಮೇಲ್ಮೈ ಗುಣಗಳ ವ್ಯತ್ಯಾಸ ಹಿಡಿದು, ಬೇಕಾದ ಖನಿಜವನ್ನು ಬೇಡವಾದದ್ದರಿಂದ ಬೇರ್ಪಡಿಸುವ ವಿದ್ಯೆ ಅದು. ಕಡಿಮೆ ದರ್ಜೆಯದೆಂದು ಗುಡ್ಡೆ ಹಾಕಿದ ಅದಿರನ್ನೂ ಬಳಕೆಗೆ ತರಬಲ್ಲ ವಿದ್ಯೆಯನ್ನು ಗಣಿಯ ಪಕ್ಕದಲ್ಲೇ ಕಲಿಸುವುದು ಆ ಕೇಂದ್ರದ ಬಲ.

ಕೊಪ್ಪಳಕ್ಕೂ ಈಗ ತನ್ನದೇ ವಿಶ್ವವಿದ್ಯಾಲಯವಿದೆ. 2023ರಲ್ಲಿ ರಾಜ್ಯದಲ್ಲಿ ಒಟ್ಟಿಗೆ ಆರಂಭವಾದ ಏಳರಲ್ಲಿ ಒಂದಾದ ಅದರ ನೆಲೆ ಕುಕನೂರು ತಾಲ್ಲೂಕಿನ ತಳಕಲ್. ಈ ಹೊಸ ವಿಶ್ವವಿದ್ಯಾಲಯಗಳನ್ನು ಮುಂದುವರಿಸಬೇಕೇ ಎಂಬ ಚರ್ಚೆ ಸರ್ಕಾರದ ಮಟ್ಟದಲ್ಲಿ ನಡೆದದ್ದೂ ಉಂಟು. ಬೇರೆಲ್ಲಿಯೂ ಸುಲಭವಾಗಿ ಸಿಗದ ಪಾಠವನ್ನು ಕೊಡುವ ವಿಶ್ವವಿದ್ಯಾಲಯವನ್ನು ಮುಚ್ಚುವ ಮಾತು ಸುಲಭಕ್ಕೆ ಬರುವುದಿಲ್ಲ. ಕೊಪ್ಪಳಕ್ಕೆ ಅಂಥ ಪಾಠ ಭೂವಿಜ್ಞಾನವೇ.

ಅದಕ್ಕೆ ಬೇಕಾದ ಸಾಮಗ್ರಿ ಸುತ್ತಲೂ ಬಿದ್ದಿದೆ. ಹನುಮಸಾಗರದಿಂದ ಇಳಕಲ್ ಕಡೆಗೆ ಹೊರಟರೆ ದೇಶವಿದೇಶಕ್ಕೆ ಹೋಗುವ ಕೆಂಪು-ಗುಲಾಬಿ ಗ್ರಾನೈಟಿನ ಕ್ವಾರಿಗಳು. ಗಂಗಾವತಿ, ಆನೆಗೊಂದಿಯ ಕಡೆ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟಿನ ಗುಂಡುಗಳು. ಬಾದಾಮಿಯ ಕಡೆ, ಗ್ರಾನೈಟ್ ರೂಪುಗೊಂಡು ಕೋಟ್ಯಂತರ ವರ್ಷ ಕಳೆದ ಮೇಲೆ ಮರಳು ಪದರಪದರವಾಗಿ ಕೂತು ಗಟ್ಟಿಯಾದ ಮರಳುಗಲ್ಲು. ಹಿರೇಬೆಣಕಲ್ಲಿನ ಶಿಲಾಸಮಾಧಿಗಳಲ್ಲಿ, ಬಂಡೆ ಎಲ್ಲಿ ಹಾಳೆಯಂತೆ ಏಳುತ್ತದೆಂದು ಬಲ್ಲವರು ಎಬ್ಬಿಸಿ ನಿಲ್ಲಿಸಿದ ಚಪ್ಪಡಿಗಳಿವೆ.

ಕ್ವಾರಿಯ ಬದಿಯಲ್ಲಿ ಬಿದ್ದ ಒಂದು ಚೂರು ಕಲ್ಲು ಪ್ರಯೋಗಾಲಯದಲ್ಲಿ ಏನಾಗುತ್ತದೆ? ವಜ್ರದ ಹಲ್ಲಿನ ಗರಗಸದಿಂದ ಅದರ ತೆಳು ಹೋಳು ಕೊಯ್ದು, ಒಂದು ಮಗ್ಗುಲು ನುಣುಪು ಮಾಡಿ, ಗಾಜಿನ ಪಟ್ಟಿಗೆ ಅಂಟಿಸುತ್ತಾರೆ. ಆಮೇಲೆ ಕಾರ್ಬೊರಂಡಂ ಪುಡಿ, ನೀರು ಹಾಕಿ ಕೈಯಿಂದ ತಿಕ್ಕಬೇಕು, 0.03 ಮಿಲಿಮೀಟರಿಗೆ ಇಳಿಯುವ ತನಕ. ಅಷ್ಟು ತೆಳುವಾದಾಗ ಬೆಳಕು ಕಲ್ಲನ್ನೇ ದಾಟುತ್ತದೆ. ಧ್ರುವೀಕರಣದ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಬರಿಗಣ್ಣಿಗೆ ಗುಲಾಬಿ, ಬಿಳಿ, ಕಪ್ಪು ಚುಕ್ಕೆಗಳಷ್ಟೇ ಆಗಿದ್ದ ಕಲ್ಲಿನಲ್ಲಿ ಫೆಲ್ಡ್‌ಸ್ಪಾರ್, ಸ್ಫಟಿಕ, ಬಯೊಟೈಟ್ ಹರಳುಗಳು ಒಂದನ್ನೊಂದು ಒತ್ತಿ ಬೆಳೆದ ಕ್ರಮ ಕಾಣುತ್ತದೆ. ಸ್ಫಟಿಕ ಬೂದು ಇಲ್ಲವೇ ತೆಳು ಹಳದಿ ಬಣ್ಣಕ್ಕೆ ಬಂದರೆ ದಪ್ಪ ಸರಿಯಿದೆ ಎಂದರ್ಥ. ಇನ್ನೂ ಗಾಢ ಬಣ್ಣ ತೋರಿದರೆ ಮತ್ತೆ ತಿಕ್ಕಬೇಕು, ತುಸು ಹೆಚ್ಚು ತಿಕ್ಕಿದರೆ ಹೋಳೇ ಮಾಯ. ಒಳ್ಳೆಯ ಹೋಳು ತಯಾರಿಸುವ ಸಹಾಯಕನಿಲ್ಲದ ವಿಭಾಗದಲ್ಲಿ ದುಬಾರಿ ಸೂಕ್ಷ್ಮದರ್ಶಕ ಇದ್ದೂ ಇಲ್ಲದಂತೆ.

ಇದೇ ಹರಳುಗಳ ಕಥೆ ಕುಡಿಯುವ ನೀರಿಗೂ ತಾಗುತ್ತದೆ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಹಲವು ಹಳ್ಳಿಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಬಯೊಟೈಟ್, ಹಾರ್ನ್‌ಬ್ಲೆಂಡ್, ಅಪಟೈಟ್‌ನಂಥ ಖನಿಜಗಳಲ್ಲಿರುವ ಫ್ಲೋರೈಡ್, ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಇಳಿಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ಅದಕ್ಕೂ ಹೆಚ್ಚಾದರೆ ದೊಡ್ಡವರ ಎಲುಬು, ಕೀಲುಗಳಿಗೆ ಪೆಟ್ಟು. ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ಊರೂರಿನ ನೀರು ಪರೀಕ್ಷಿಸಿ ನಕ್ಷೆ ಮಾಡುವುದು ಬಿ.ಎಸ್ಸಿ. ವಿದ್ಯಾರ್ಥಿಗಳ ಕೈಯಲ್ಲಿ ಆಗುವ ಕೆಲಸ. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಹಿರೇಹಳ್ಳ ಸ್ವಚ್ಛಗೊಳಿಸಿದ, ಕುಷ್ಟಗಿಯ ನಿಡಶೇಸಿ ಕೆರೆಯ ಹೂಳೆತ್ತಿದ ಜನರಿರುವ ಜಿಲ್ಲೆ ಇದು. ಹೂಳೆತ್ತಿದ ಕೆರೆಯಿಂದ ಸುತ್ತಲಿನ ಬೋರುಗಳಿಗೆ ಎಷ್ಟು ನೀರು ಇಳಿಯಿತೆಂದು ವರ್ಷವರ್ಷ ಅಳೆಯಲು ಒಂದು ವಿಭಾಗವಿದ್ದರೆ ಆ ಶ್ರಮಕ್ಕೆ ಲೆಕ್ಕವೂ ಸಿಕ್ಕೀತು.

ಓದಿದವರಿಗೆ ಕೆಲಸವೂ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಮತ್ತು ಕೇಂದ್ರ ಅಂತರ್ಜಲ ಮಂಡಳಿಗೆ ಯುಪಿಎಸ್‌ಸಿ ಪ್ರತ್ಯೇಕ ಪರೀಕ್ಷೆ ನಡೆಸುತ್ತದೆ. ಅದಕ್ಕೆ ಸ್ನಾತಕೋತ್ತರ ಪದವಿ ಬೇಕು, ಅದರ ಅಡಿಪಾಯ ಬೀಳುವುದು ಪದವಿ ಕಾಲೇಜಿನಲ್ಲಿ. ಹಟ್ಟಿ, ಸಂಡೂರು, ಇಳಕಲ್‌ಗಳಲ್ಲಿ ಗಣಿ, ಕ್ವಾರಿಗಳಿವೆ.

ಇಂಥ ವಿಭಾಗದ ಆರಂಭಕ್ಕೆ ದೊಡ್ಡ ಕಟ್ಟಡವೇ ಬೇಕೆಂದಿಲ್ಲ. ಜಿಲ್ಲೆಯ ಒಂದೆರಡು ಸರ್ಕಾರಿ ಪದವಿ ಕಾಲೇಜುಗಳಲ್ಲಿ ರಸಾಯನಶಾಸ್ತ್ರದ ಜೊತೆ ಭೂವಿಜ್ಞಾನ ಆಯ್ದುಕೊಳ್ಳುವ ಅವಕಾಶ ಬೇಕು. ಅತಿಥಿ ಉಪನ್ಯಾಸಕರ ಮೇಲೆ ಭಾರ ಹಾಕದೆ ಕಾಯಂ ಹುದ್ದೆ ಮಂಜೂರಾಗಬೇಕು. ಸುತ್ತಿಗೆ, ಭೂತಗನ್ನಡಿ, ಬಂಡೆಯ ಓಲು ಅಳೆಯುವ ಬ್ರಂಟನ್ ದಿಕ್ಸೂಚಿ, ಹೋಳು ಕೊಯ್ಯುವ ಯಂತ್ರಕ್ಕೆ ಹಣ ಬೇಕು. ಕ್ಷೇತ್ರಕಾರ್ಯದ ಬಸ್ಸಿಗೆ ಪ್ರತಿ ವರ್ಷದ ಬಜೆಟ್ಟಿನಲ್ಲಿ ಜಾಗ ಬೇಕು. ಕಾಲೇಜಿನ ಬೋರನ್ನೇ ಅಂತರ್ಜಲ ಮಟ್ಟ ಅಳೆಯುವ ಬಾವಿಯನ್ನಾಗಿ ಮಾಡಿ, ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಬರೆದ ಅಳತೆಯನ್ನು ಗ್ರಾಮ ಪಂಚಾಯಿತಿಗೆ ಕೊಡುವ ವ್ಯವಸ್ಥೆ ಮೊದಲ ಸೆಮಿಸ್ಟರಿನಲ್ಲೇ ಶುರುವಾಗಬಹುದು.