ಚಲಚ್ಚಿತ್ರದ ಭೀಕರ ಪಕ್ಷಿಗಳು: ಭಯಾನಕ ರಸದ ಒಂದು ವಿಚಾರ

ಭಯವು ಪ್ರಾಣಿಮಾತ್ರಕ್ಕೆ ಸಹಜವಾದುದು. ಆದರೆ ಭಯವನ್ನು ತಾನಾಗಿ ಬಯಸಿ, ಅದಕ್ಕಾಗಿ ಹಣ ತೆತ್ತು, ಕತ್ತಲೆಯಲ್ಲಿ ಕುಳಿತು ಸವಿಯುವ ಪ್ರಾಣಿ ಮನುಷ್ಯನೊಬ್ಬನೇ. ಈ ವಿಚಿತ್ರವನ್ನು ಕಂಡ ನಮ್ಮ ಆಲಂಕಾರಿಕರು ಭಯಾನಕವನ್ನು ರಸಗಳಲ್ಲಿ ಒಂದಾಗಿ ಎಣಿಸಿದರು. ಇಂದಿನ ವಿದ್ಯಾರ್ಥಿಗಳಿಗೆ ಈ ರಸವು ಕಾವ್ಯದಿಂದ ದೊರೆಯುವುದಕ್ಕಿಂತ ಹೆಚ್ಚಾಗಿ ಚಲಚ್ಚಿತ್ರದಿಂದಲೂ ಅಂಗೈಯಲ್ಲಿ ಹಿಡಿದ ದೂರವಾಣಿಯ ಪುಟ್ಟ ತೆರೆಯಿಂದಲೂ ದೊರೆಯುತ್ತಿದೆ. ಅವುಗಳಲ್ಲಿ ಒಂದು ಬಗೆ, ಲಕ್ಷಾಂತರ ವರ್ಷಗಳ ಹಿಂದೆ ಅಳಿದುಹೋದ ದೈತ್ಯಪಕ್ಷಿಗಳು ಮರಳಿ ಬಂದು ಮನುಷ್ಯರನ್ನು ಕೊಲ್ಲುವ, ಅಲ್ಪ ವೆಚ್ಚದಲ್ಲಿ ತಯಾರಾದ ಚಿತ್ರಗಳು. ಇವುಗಳ ಕಲ್ಪನೆ ಎಲ್ಲಿಂದ ಬಂತು, ಇವು ಏಕೆ ಭಯಕ್ಕೆ ಬದಲು ನಗೆಯನ್ನು ತರುತ್ತವೆ, ಇವುಗಳಲ್ಲಿ ಸತ್ಯಾಂಶವೆಷ್ಟು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ದೈತ್ಯಪಕ್ಷಿಯ ಕಲ್ಪನೆ ನಮಗೆ ಹೊರಗಿನಿಂದ ಬಂದುದಲ್ಲ. ಆನೆಯನ್ನೂ ಆಮೆಯನ್ನೂ ಏಕಕಾಲದಲ್ಲಿ ಎತ್ತಿ ಹಾರಿದ ಗರುಡನ ಕಥೆ ಮಹಾಭಾರತದಲ್ಲಿದೆ. ರಾವಣನ ರಥವನ್ನು ಮುರಿದ ಜಟಾಯು, ಸೂರ್ಯನ ಬಳಿಗೆ ಹಾರಿ ರೆಕ್ಕೆ ಸುಟ್ಟುಕೊಂಡ ಸಂಪಾತಿ ರಾಮಾಯಣದ ಪಾತ್ರಗಳು. ಇವೆಲ್ಲಕ್ಕೂ ಮಿಗಿಲಾಗಿ ಕನ್ನಡ ನಾಡಿಗೆ ವಿಶೇಷವಾದುದು ಗಂಡಭೇರುಂಡ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಚಾಲುಕ್ಯರ ಸಾಮಂತನಾದ ಚಾಮುಂಡರಾಯರಸನು ಕ್ರಿ. ಶ. 1047ರಲ್ಲಿ ನಿಲ್ಲಿಸಿದ ಭೇರುಂಡಸ್ತಂಭ ಇಂದಿಗೂ ನಿಂತಿದೆ. ಅಲ್ಲಿಯ ಮೂರ್ತಿಗೆ ಮನುಷ್ಯನ ದೇಹ, ಪಕ್ಷಿಯ ಎರಡು ತಲೆ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಜಿಂಕೆಯನ್ನು ಹಾವು, ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿಯುವ ಶಿಲ್ಪವೊಂದುಂಟು. ಬಲಿಷ್ಠನಿಗಿಂತ ಬಲಿಷ್ಠನಿದ್ದಾನೆ ಎಂಬ ತತ್ತ್ವವನ್ನು ಶಿಲ್ಪಿಯು ಒಂದೇ ಕಲ್ಲಿನಲ್ಲಿ ಹೇಳಿದ್ದಾನೆ. ಅದೇ ಪಕ್ಷಿ ಮೈಸೂರು ಅರಸರ ಲಾಂಛನವಾಗಿ, ಬಳಿಕ ರಾಜ್ಯದ ಲಾಂಛನವಾಗಿ, ನಾವು ದಿನವೂ ಹತ್ತುವ ಸರ್ಕಾರಿ ಬಸ್ಸಿನ ಮೇಲೂ ಕುಳಿತಿದೆ.

ಕನ್ನಡ ಚಲಚ್ಚಿತ್ರವೂ ಈ ಹೆಸರನ್ನು ಬಿಡಲಿಲ್ಲ. 1984ರಲ್ಲಿ ಎಸ್. ವಿ. ರಾಜೇಂದ್ರಸಿಂಗ್ ಬಾಬು ಅವರು ನಿರ್ದೇಶಿಸಿದ ‘ಗಂಡಭೇರುಂಡ’ ನಿಧಿಶೋಧನೆಯ ಸಾಹಸಕಥೆ. ಅವರ ತಂದೆ ಡಿ. ಶಂಕರಸಿಂಗ್ ಅವರು ಬಿ. ವಿಠಲಾಚಾರ್ಯರೊಡನೆ ಮೈಸೂರಿನಲ್ಲಿ ಮಹಾತ್ಮ ಪಿಕ್ಚರ್ಸ್ ಸಂಸ್ಥೆಯನ್ನು ಕಟ್ಟಿ, 1951ರಲ್ಲಿ ‘ಜಗನ್ಮೋಹಿನಿ’ಯಂತಹ ಅದ್ಭುತರಸದ ಚಿತ್ರವನ್ನು ಕನ್ನಡಿಗರಿಗೆ ಕೊಟ್ಟವರು. ಉಡುಪಿಯ ಕಡೆಯ ಉದ್ಯಾವರದವರಾದ ವಿಠಲಾಚಾರ್ಯರು ಮುಂದೆ ತೆಲುಗು ಚಿತ್ರರಂಗದಲ್ಲಿ ‘ಜಾನಪದ ಬ್ರಹ್ಮ’ ಎಂಬ ಬಿರುದನ್ನು ಪಡೆದರು. ಭೂತ, ಪಿಶಾಚ, ಮಾಂತ್ರಿಕ, ಮಾತನಾಡುವ ಪ್ರಾಣಿ ಇವುಗಳನ್ನೆಲ್ಲ ಮಿತವಾದ ವೆಚ್ಚದಲ್ಲಿ ತೆರೆಯ ಮೇಲೆ ತರುವ ಚಾತುರ್ಯ ಅವರದಾಗಿತ್ತು. ಆದ್ದರಿಂದ ಅಲ್ಪ ವೆಚ್ಚವೆಂಬ ಒಂದೇ ಕಾರಣದಿಂದ ಯಾವ ಚಿತ್ರವನ್ನೂ ಹಳಿಯಲಾಗದು ಎಂಬುದನ್ನು ಮೊದಲು ಮನಗಾಣಬೇಕು.

ಪಾಶ್ಚಾತ್ಯ ದೇಶಗಳಲ್ಲಿ ಕೊಲೆಗಡುಕ ಪಕ್ಷಿಯ ಚಿತ್ರಗಳಿಗೆ ಉದಾಹರಣೆಯಾಗಿ ಮೊದಲು ನೆನಪಿಗೆ ಬರುವುದು 1957ರ ‘ದಿ ಜಯಂಟ್ ಕ್ಲಾ’. ಸ್ಯಾಮ್ ಕಾಟ್ಸ್‌ಮನ್ ನಿರ್ಮಾಪಕ. ಫ್ರೆಡ್ ಸಿಯರ್ಸ್ ನಿರ್ದೇಶಕ. ಕಥೆಯ ಪಕ್ಷಿ ವಿಮಾನಗಳನ್ನೇ ನುಂಗುವಷ್ಟು ದೊಡ್ಡದು. ಹಣ ಉಳಿಸುವ ಉದ್ದೇಶದಿಂದ ಪಕ್ಷಿಯ ಬೊಂಬೆಯನ್ನು ಮೆಕ್ಸಿಕೋ ದೇಶದಲ್ಲಿ ಮಾಡಿಸಿದರು. ಚಿತ್ರೀಕರಣದ ವೇಳೆ ನಟರು ಅದನ್ನು ಕಂಡಿರಲೇ ಇಲ್ಲ. ಬರಿಯ ಆಕಾಶವನ್ನು ನೋಡಿ ನಡುಗುವ ಅಭಿನಯ ಮಾಡಿದರು. ಕೊನೆಗೆ ತೆರೆಯ ಮೇಲೆ ಕಂಡದ್ದು ಉದ್ದನೆಯ ಕೊರಳು, ಗುಡ್ಡೆಗಣ್ಣು, ತಲೆಯ ಮೇಲೊಂದು ಕೆದರಿದ ಜುಟ್ಟು ಇರುವ ಬೊಂಬೆ. ನಡುಗಬೇಕಾದ ಪ್ರೇಕ್ಷಕರು ನಕ್ಕರು. 2010ರಲ್ಲಿ ಬಿಡುಗಡೆಯಾದ ‘ಬರ್ಡೆಮಿಕ್’ ಚಿತ್ರದಲ್ಲಿ ಗಣಕಯಂತ್ರದಿಂದ ರಚಿಸಿದ ಹದ್ದುಗಳು ಗಾಳಿಯಲ್ಲಿ ಒಂದೇ ಕಡೆ ತೂಗಾಡುತ್ತ ರೆಕ್ಕೆ ಬಡಿಯುತ್ತವೆ. 2016ರ ‘ಟೆರರ್ ಬರ್ಡ್ಸ್’ ಎಂಬ ಚಿತ್ರವು ಅಳಿದುಹೋದ ಒಂದು ನಿಜವಾದ ಪಕ್ಷಿಕುಲವನ್ನೇ ನಮ್ಮ ಕಾಲಕ್ಕೆ ಎಳೆದು ತಂದಿದೆ.

ಇವುಗಳ ನಡುವೆ ಪ್ರತ್ಯೇಕವಾಗಿ ನಿಲ್ಲುವುದು ಆಲ್‌ಫ್ರೆಡ್ ಹಿಚ್‌ಕಾಕರ 1963ರ ‘ದಿ ಬರ್ಡ್ಸ್’. ಅದರಲ್ಲಿ ದೈತ್ಯಪಕ್ಷಿಯೇ ಇಲ್ಲ. ಕಾಗೆ, ಗುಬ್ಬಿ, ಕಡಲಹಕ್ಕಿಗಳಷ್ಟೇ. ಅವು ಏಕೆ ಮನುಷ್ಯರ ಮೇಲೆ ಎರಗುತ್ತವೆ ಎಂಬುದಕ್ಕೆ ಕೊನೆಯವರೆಗೂ ಕಾರಣ ಹೇಳುವುದಿಲ್ಲ. ವಾಡಿಕೆಯ ಹಿನ್ನೆಲೆ ಸಂಗೀತವೂ ಇಲ್ಲ. ವಿದ್ಯುದ್ಯಂತ್ರದಿಂದ ಹುಟ್ಟಿಸಿದ ಕೂಗು, ರೆಕ್ಕೆಸಪ್ಪಳ ಮತ್ತು ಮೌನ ಇಷ್ಟೇ. ಆದರೂ ನೋಡುವವರ ಎದೆ ನಡುಗುತ್ತದೆ. ಆಕಾಶದಷ್ಟು ದೊಡ್ಡ ಹಕ್ಕಿ ನಗಿಸಿತು. ಅಂಗಳದ ಕಾಗೆ ಹೆದರಿಸಿತು. ಇದರ ರಹಸ್ಯವೇನು?

ಉತ್ತರವು ನಮ್ಮ ಅಲಂಕಾರಶಾಸ್ತ್ರದಲ್ಲಿ ಸಿದ್ಧವಾಗಿದೆ. ವಿಭಾವ, ಅನುಭಾವ, ವ್ಯಭಿಚಾರಿಭಾವಗಳ ಸಂಯೋಗದಿಂದ ರಸನಿಷ್ಪತ್ತಿಯಾಗುವುದೆಂದು ಭರತಮುನಿಯ ಮತ. ಭಯಾನಕಕ್ಕೆ ಭಯವು ಸ್ಥಾಯಿ. ಭಯವನ್ನು ಹುಟ್ಟಿಸುವ ವಸ್ತು ವಿಭಾವ. ನಡುಕ, ಬೆವರು, ಕೂಗು ಅನುಭಾವಗಳು. ‘ದಿ ಜಯಂಟ್ ಕ್ಲಾ’ ಚಿತ್ರದಲ್ಲಿ ನಟರ ಅನುಭಾವವು ಸಮರ್ಪಕವಾಗಿಯೇ ಇದೆ, ವಿಭಾವವೇ ಜೊಳ್ಳು. ಅಭಿನವಗುಪ್ತಪಾದರು ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಹೇಳುವಾಗ ‘ಸಂಭಾವನಾವಿರಹ’ವನ್ನು ಮೊದಲನೆಯದಾಗಿ ಎಣಿಸುತ್ತಾರೆ. ಹೀಗೆ ಆಗಿರಬಹುದು ಎಂಬ ನಂಬಿಕೆ ಪ್ರೇಕ್ಷಕನಲ್ಲಿ ನೆಲೆಗೊಳ್ಳದಿದ್ದರೆ ಅವನ ಚಿತ್ತವು ರಸದಲ್ಲಿ ವಿಶ್ರಮಿಸಲಾರದು. ಆಗ ಭಯಾನಕವು ಆಭಾಸವಾಗಿ ಹಾಸ್ಯಕ್ಕೆ ಎಡೆಗೊಡುತ್ತದೆ.

ಇಲ್ಲೊಂದು ಆಕ್ಷೇಪ ಬರಬಹುದು. ನಮ್ಮ ಸೀಮೆಯ ಬಯಲಾಟದಲ್ಲಿ ಜಟಾಯುವಿನ ಪಾತ್ರಧಾರಿ ಬಣ್ಣದ ಕಾಗದದ ರೆಕ್ಕೆ ಕಟ್ಟಿ, ಮರದ ಕೊಕ್ಕು ಧರಿಸಿ ಕುಣಿದರೂ ನೆರೆದ ಜನ ಕಣ್ಣೀರಿಡುತ್ತಾರಲ್ಲವೆ? ಅಲ್ಲಿಯೂ ವೆಚ್ಚ ಅಲ್ಪವೇ. ಅದನ್ನು ನಿಜವಾದ ಪಕ್ಷಿಯೆಂದು ಯಾರೂ ಭ್ರಮಿಸುವುದಿಲ್ಲ. ಸಮಾಧಾನವೂ ಭರತನಲ್ಲಿಯೇ ಇದೆ. ಲೋಕಧರ್ಮಿ, ನಾಟ್ಯಧರ್ಮಿ ಎಂದು ಪ್ರಯೋಗವು ಎರಡು ಬಗೆ. ಬಯಲಾಟದ್ದು ನಾಟ್ಯಧರ್ಮಿ. ಇದು ಹಕ್ಕಿಯ ಸಂಕೇತ, ನೀವು ಹಕ್ಕಿಯೆಂದು ಭಾವಿಸಿರಿ ಎಂದು ಆಟದವನು ಮೊದಲೇ ಒಪ್ಪಂದ ಮಾಡಿಕೊಂಡಿರುತ್ತಾನೆ. ಚಲಚ್ಚಿತ್ರವಾದರೋ ನಿಜವಾದ ರಸ್ತೆ, ನಿಜವಾದ ವಿಮಾನ, ನಿಜವಾದ ಸೈನಿಕರನ್ನು ತೋರಿಸಿ ಲೋಕಧರ್ಮಿಯಾಗಿ ಸಾಗುತ್ತ, ಅವುಗಳ ನಡುವೆ ಬೊಂಬೆಯನ್ನು ತಂದು ಇದೂ ನಿಜವೆಂದು ಸಾಧಿಸಹೊರಡುತ್ತದೆ. ಒಪ್ಪಂದ ಮುರಿಯುವುದು ಅಲ್ಲಿ. ದೋಷವಿರುವುದು ಬಡತನದಲ್ಲಲ್ಲ, ಬಡತನವನ್ನು ಮರೆಮಾಚುವ ಯತ್ನದಲ್ಲಿ. ಹಿಚ್‌ಕಾಕರು ತೋರಿಸಲಾಗದುದನ್ನು ತೋರಿಸಹೋಗದೆ ಪ್ರೇಕ್ಷಕನ ಊಹೆಗೆ ಬಿಟ್ಟರು, ಆದ್ದರಿಂದ ಗೆದ್ದರು.

ಇನ್ನು ಶಾಸ್ತ್ರದ ಮಾತಿಗೆ ಬರೋಣ. ಊರನ್ನೇ ಎತ್ತಿಕೊಂಡು ಹೋಗುವ ಪಕ್ಷಿ ಹಾರಬಲ್ಲುದೆ? ಹದ್ದೊಂದರ ಉದ್ದ, ಅಗಲ, ದಪ್ಪಗಳನ್ನು ಇಮ್ಮಡಿಗೊಳಿಸಿದರೆ ಅದರ ರೆಕ್ಕೆಯ ವಿಸ್ತೀರ್ಣ 4 ಪಟ್ಟು ಬೆಳೆಯುತ್ತದೆ. ತೂಕವಾದರೋ 8 ಪಟ್ಟು ಬೆಳೆಯುತ್ತದೆ. ಹತ್ತುಮಡಿ ಮಾಡಿದರೆ ರೆಕ್ಕೆ 100 ಪಟ್ಟು, ತೂಕ 1000 ಪಟ್ಟು. ಗಾತ್ರ ಹೆಚ್ಚಿದಂತೆಲ್ಲ ರೆಕ್ಕೆಯ ಪ್ರತಿ ಅಂಗುಲವೂ ಹೊರಬೇಕಾದ ಭಾರ ಹೆಚ್ಚುತ್ತ ಹೋಗಿ, ಒಂದು ಮಿತಿಯಾಚೆ ಹಾರಾಟ ಅಸಾಧ್ಯವಾಗುತ್ತದೆ. ಹಾರಬಲ್ಲ ಪಕ್ಷಿಗಳಲ್ಲಿ ಅತಿ ಭಾರವಾದವುಗಳಲ್ಲಿ ಒಂದೆನಿಸಿದ, ದಕ್ಷಿಣ ಅಮೆರಿಕದಲ್ಲಿ ಅಳಿದುಹೋದ ಅರ್ಜೆಂಟಾವಿಸ್ ಸುಮಾರು 70 ಕಿಲೋಗ್ರಾಂ ತೂಗುತ್ತಿತ್ತು. ವಿಮಾನ ನುಂಗುವ ಹಕ್ಕಿಯ ಕಥೆ ಈ ಲೆಕ್ಕದ ಮುಂದೆ ನಿಲ್ಲದು.

ಹಾರದ ಭೀಕರ ಪಕ್ಷಿಗಳು ಮಾತ್ರ ನಿಜವಾಗಿ ಇದ್ದವು. 1887ರಲ್ಲಿ ಅರ್ಜೆಂಟೀನದ ಫ್ಲೊರೆಂಟಿನೊ ಅಮೆಘಿನೊ ಎಂಬ ವಿದ್ವಾಂಸನು ಒಂದು ದವಡೆಯ ಚೂರನ್ನು ವರ್ಣಿಸಿ ಫೊರುಸ್ರಾಕಸ್ ಎಂಬ ಹೆಸರಿಟ್ಟನು. ಹಲ್ಲಿಲ್ಲದ ಸಸ್ತನಿಯದೆಂದು ಆಗ ಭಾವಿಸಲಾಗಿದ್ದ ಆ ಮೂಳೆ ಪಕ್ಷಿಯದೆಂದು ಆಮೇಲೆ ತಿಳಿಯಿತು. ಈ ಕುಲದ ಕೆಲೆಂಕನ್ ಎಂಬ ಪಕ್ಷಿಯನ್ನು 2007ರಲ್ಲಿ ಶಾಸ್ತ್ರೀಯವಾಗಿ ವರ್ಣಿಸಲಾಯಿತು. ಅದರ ತಲೆಬುರುಡೆಯ ಉದ್ದ 71 ಸೆಂಟಿಮೀಟರು. ಅದು ಮೊದಲು ಕಣ್ಣಿಗೆ ಬಿದ್ದುದು ಆ ದೇಶದ ಪ್ರೌಢಶಾಲಾ ವಿದ್ಯಾರ್ಥಿಯೊಬ್ಬನಿಗೆ ಎಂಬುದನ್ನು ನಮ್ಮ ಮಕ್ಕಳು ಗಮನಿಸಬೇಕು. ಇದೇ ಕುಲದ ಟೈಟಾನಿಸ್ ಉತ್ತರ ಅಮೆರಿಕಕ್ಕೂ ಹಬ್ಬಿ ಸುಮಾರು 18 ಲಕ್ಷ ವರ್ಷಗಳ ಹಿಂದೆ ಅಳಿಯಿತು. ನಮ್ಮ ಮನುಷ್ಯಜಾತಿ ಹುಟ್ಟಿ ಸುಮಾರು 3 ಲಕ್ಷ ವರ್ಷಗಳಾದವು. ಆದುದರಿಂದ ಟೈಟಾನಿಸ್ ನಮ್ಮ ಜಾತಿಯ ಯಾವ ಮನುಷ್ಯನನ್ನೂ ಕೊಂದಿರಲಾರದು.

ಮಲೆಬೆನ್ನೂರಿನ ನೆಲವನ್ನು ಅಗೆದರೆ ಇಂತಹ ಮೂಳೆಗಳು ಸಿಗಬಹುದೇ ಎಂದು ಬಾಲಕರು ಕೇಳುವುದುಂಟು. ನಮ್ಮ ಸೀಮೆಯ ಬಂಡೆಗಳು ಧಾರವಾಡ ಶಿಲಾಸಮೂಹಕ್ಕೆ ಸೇರಿದವು. 250 ಕೋಟಿ ವರ್ಷಗಳಿಗೂ ಹಿಂದಿನವು. ಪಕ್ಷಿಯಿರಲಿ, ಪ್ರಾಣಿಯೇ ಇನ್ನೂ ಹುಟ್ಟದ ಕಾಲದವು. ಅದರಲ್ಲಿ ಮೂಳೆ ದೊರೆಯದು. ದೊರೆತರೆ ಭೂಮಿಯ ಬಾಲ್ಯದ ಚರಿತ್ರೆ ದೊರೆತೀತು.

ಮನುಷ್ಯನೂ ದೈತ್ಯಪಕ್ಷಿಯೂ ನಿಜವಾಗಿ ಎದುರುಬದುರಾದ ಸಂದರ್ಭಗಳೂ ಇವೆ. ಫಲಿತಾಂಶ ಮಾತ್ರ ಚಿತ್ರಗಳಿಗೆ ವಿರುದ್ಧ. ನ್ಯೂಜಿಲೆಂಡ್ ದ್ವೀಪಗಳಲ್ಲಿ ಮೋವಾ ಎಂಬ ಸಸ್ಯಾಹಾರಿ ದೈತ್ಯಪಕ್ಷಿಗಳೂ ಅವನ್ನು ಬೇಟೆಯಾಡುತ್ತಿದ್ದ ಹಾಸ್ಟ್ ಎಂಬ ಭಾರಿ ಗರುಡವೂ ಇದ್ದವು. 13ನೆಯ ಶತಮಾನದಲ್ಲಿ ಮನುಷ್ಯರು ಅಲ್ಲಿಗೆ ಬಂದ ಬಳಿಕ ಕೆಲವೇ ತಲೆಮಾರುಗಳಲ್ಲಿ ಮೋವಾ ಬೇಟೆಗೆ ಸಿಕ್ಕಿ ನಾಶವಾಯಿತು. ಆಹಾರವಿಲ್ಲದೆ ಗರುಡವೂ ಅಳಿಯಿತು. ಚಿತ್ರದಲ್ಲಿ ಪಕ್ಷಿ ಕೊಲೆಗಾರ, ಮನುಷ್ಯ ಬಲಿ. ಚರಿತ್ರೆಯಲ್ಲಿ ಪಾತ್ರಗಳು ಅದಲುಬದಲು.

ಈ ಮಾತು ದೂರದ ದ್ವೀಪಕ್ಕೆ ಮಾತ್ರ ಸಲ್ಲುವುದಲ್ಲ. ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದರೆ ರಾಣೆಬೆನ್ನೂರು ಸೀಮೆ. ಅಲ್ಲಿಯ ಹುಲ್ಲುಗಾವಲಿನಲ್ಲಿ ಹಿಂದೆ ದೊಡ್ಡದೊಂದು ಹಕ್ಕಿ ಓಡಾಡುತ್ತಿತ್ತು. ಎತ್ತರ ಸುಮಾರು ಒಂದು ಮೀಟರು, ತೂಕ 15 ಕಿಲೋಗ್ರಾಮಿನವರೆಗೆ. ಜನ ಅದನ್ನು ‘ಎರೆಭೂತ’ ಎಂದರು. ಎರೆಯೆಂದರೆ ಕಪ್ಪು ಮಣ್ಣಿನ ಹೊಲ. ಹೆಸರಿನಲ್ಲಿ ಭೂತವಿದ್ದರೂ ಅದು ಮಿಡತೆ, ಹುಳು, ಕಾಳುಗಳನ್ನು ತಿಂದು, ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು ಬರಿ ನೆಲದ ಮೇಲಿಡುವ ಸಾಧು ಪಕ್ಷಿ. ಕೃಷ್ಣಮೃಗಗಳಿಗಾಗಿ 1974ರಲ್ಲಿ ರಾಣೆಬೆನ್ನೂರಿನಲ್ಲಿ ಅಭಯಾರಣ್ಯವಾಯಿತು. ಆದರೆ ಹುಲ್ಲುಗಾವಲಿನ ಬಹುಭಾಗದಲ್ಲಿ ನೀಲಗಿರಿ ಮರಗಳು ಬೆಳೆದು ನಿಂತವು. ಬಯಲನ್ನೇ ನಂಬಿದ ಎರೆಭೂತಕ್ಕೆ ನೆಲೆ ತಪ್ಪಿತು. ಇಂದು ಇಡೀ ದೇಶದಲ್ಲಿ ಈ ಪಕ್ಷಿಗಳು ಇನ್ನೂರನ್ನು ಮುಟ್ಟಲಾರವು. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ಎದುರಿನ ವಿದ್ಯುತ್ ತಂತಿ ಬೇಗ ಕಾಣದೆ ಬಡಿದು ಸಾಯುವುದು ಅವುಗಳ ಅಳಿವಿಗೆ ದೊಡ್ಡ ಕಾರಣ; 2021ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಈ ವಿಷಯ ಹೋಯಿತು.

ರಣಹದ್ದಿನ ಕಥೆಯೂ ಇಂಥದೇ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವುನಿವಾರಕ ಮದ್ದು ಸತ್ತ ದನದ ಮಾಂಸದ ಮೂಲಕ ಹದ್ದಿನ ದೇಹ ಸೇರಿ ಮೂತ್ರಪಿಂಡವನ್ನು ಕೆಡಿಸಿತು. 2006ರಲ್ಲಿ ಸರ್ಕಾರ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸುವ ಹೊತ್ತಿಗೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹದ್ದುಗಳು ನಾಶವಾಗಿದ್ದವು. 1975ರ ‘ಶೋಲೆ’ ಚಿತ್ರ ತಯಾರಾದ ರಾಮನಗರದ ಬೆಟ್ಟಗಳಲ್ಲಿ ಉಳಿದವುಗಳಿಗಾಗಿ 2012ರಲ್ಲಿ ರಾಮದೇವರಬೆಟ್ಟದ ರಣಹದ್ದು ಧಾಮ ಏರ್ಪಟ್ಟಿತು.

ಇಷ್ಟನ್ನು ಹೇಳಲು ಕಾರಣವಿದೆ. ಕಾವ್ಯದ ಭಯವು ಪುಸ್ತಕ ಮುಚ್ಚಿದೊಡನೆ, ಚಿತ್ರದ ಭಯವು ದೀಪ ಹತ್ತಿದೊಡನೆ ಶಮನವಾಗಬೇಕು. ಆಗಲೇ ಅದು ರಸ. ಅದು ಮನೆಯವರೆಗೆ ಬಂದು ನಂಬಿಕೆಯಾಗಿ ನಿಂತರೆ ರಸವಲ್ಲ, ಅಜ್ಞಾನ. ಭದ್ರಾ ನಾಲೆಯ ನೀರುಣ್ಣುವ ನಮ್ಮ ಗದ್ದೆಗಳಲ್ಲಿ ಇಲಿಗಳನ್ನು ಹಿಡಿದು ಭತ್ತವನ್ನು ಕಾಯುವ ಗೂಬೆಯನ್ನು ಅಪಶಕುನವೆಂದು ಕಲ್ಲೆಸೆದು ಓಡಿಸುವವರು ಇನ್ನೂ ಇದ್ದಾರೆ. ತೆರೆಯ ಮೇಲೆ ಗೂಬೆ ಕೂಗಿದೊಡನೆ ಹೆಣ ಬೀಳುವುದನ್ನು ಕಂಡ ಬಾಲಕನ ಕೈಗೂ ಕಲ್ಲು ಸುಲಭವಾಗಿ ಬರುತ್ತದೆ. ಆ ಕಲ್ಲಿಗೆ ಬಲಿಯಾಗುವುದು ಬೊಂಬೆಯಲ್ಲ, ರೈತನ ಒಬ್ಬ ಸಂಬಳವಿಲ್ಲದ ಕಾವಲುಗಾರ.

ಆದ್ದರಿಂದ ವಿದ್ಯಾರ್ಥಿಗಳು ಇಂತಹ ಚಿತ್ರಗಳನ್ನು ನೋಡಬಾರದೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ನೋಡಲಿ, ಹೆದರುವಲ್ಲಿ ಹೆದರಲಿ, ನಗುವಲ್ಲಿ ನಗಲಿ. ವಿಭಾವವೆಲ್ಲಿ ಕೆಟ್ಟಿತು, ಒಪ್ಪಂದವೆಲ್ಲಿ ಮುರಿಯಿತು ಎಂದು ವಿಮರ್ಶಿಸಲಿ. ಅನಂತರ ಮುಂಜಾವದಲ್ಲಿ ನಾಲೆಯ ಏರಿಯ ಮೇಲೆ ನಿಂತು, ಉಳುವ ನೇಗಿಲ ಹಿಂದೆ ಹುಳು ಹೆಕ್ಕುವ ಬೆಳ್ಳಕ್ಕಿಗಳನ್ನು ಸ್ವಲ್ಪ ಹೊತ್ತು ನೋಡಲಿ. ದೈತ್ಯರಾದ ಡೈನೋಸಾರ್‌ಗಳ ವಂಶದಲ್ಲಿ 6.6 ಕೋಟಿ ವರ್ಷಗಳ ಹಿಂದಿನ ಪ್ರಳಯವನ್ನು ದಾಟಿ ಬಂದವು ಪಕ್ಷಿಗಳು ಮಾತ್ರ. ಆ ಪ್ರಾಚೀನ ಕುಲದ ಅತಿಥಿ ನಮ್ಮ ಗದ್ದೆಗೆ ದಿನವೂ ಬರುತ್ತಿದೆ. ಅದನ್ನು ಕಂಡು ಹುಟ್ಟಬೇಕಾದುದು ಭಯವಲ್ಲ, ವಿಸ್ಮಯ. ಆ ವಿಸ್ಮಯದ ಹಿಂದೆಯೇ ಬರಬೇಕಾದುದು ದಯೆ.