ದೊಡ್ಡ ಟರ್ಬೊ ಹಾಕಿದ್ರೂ ಗಾಡಿ ಯಾಕೆ ಎಳೀತಿಲ್ಲ?

ನಂಜನಗೂಡಿಂದ ಚಾಮರಾಜನಗರಕ್ಕೆ ಹೋಗೋ ರಸ್ತೆ. ಬದನಗುಪ್ಪೆ ಹತ್ತಿರ ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಹೋಗ್ತಿದೆ. ಓವರ್‌ಟೇಕ್ ಮಾಡೋಣ ಅಂತ ಆಕ್ಸಿಲರೇಟರ್ ಒತ್ತಿದ್ರೆ ಕಾರು ಎರಡು ಸೆಕೆಂಡ್ ಸುಮ್ಮನಿದ್ದು, ಆಮೇಲೆ ಒಮ್ಮೆಲೇ ನುಗ್ಗುತ್ತೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡ್ ಅಂದ್ರೆ ಸುಮಾರು 33 ಮೀಟರ್. ಎದುರಿಂದ ಬಸ್ ಬರ್ತಿದ್ರೆ ಅದು ಸಣ್ಣ ದೂರ ಅಲ್ಲ. ದುಡ್ಡು ಸುರಿದು ಟರ್ಬೊ ಬದಲಾಯಿಸಿದ ಮೇಲೂ 'ಪಿಕಪ್ಪೇ ಇಲ್ಲ ಮಗಾ' ಅನ್ನೋ ಪರಿಸ್ಥಿತಿ ಇದು. ತಪ್ಪು ಎಲ್ಲಿದೆ ಅಂತ ಹುಡುಕೋದು ಹೇಗೆ?

ಮೊದಲು ಎರಡು ವಿಷಯ ಬೇರೆ ಮಾಡ್ಕೋಬೇಕು. ಎಂಜಿನ್ 1,400 ಆರ್‌ಪಿಎಂನಲ್ಲಿದ್ದಾಗ ಟರ್ಬೈನ್ ತಿರುಗಿಸೋಷ್ಟು ಹೊಗೆಯೇ ಬರಲ್ಲ. ಆಗ ಬೂಸ್ಟ್ ಬರದೇ ಇರೋದು ಸಹಜ, ಗೇರ್ ಇಳಿಸಿದ್ರೆ ಸರಿಹೋಗುತ್ತೆ. ಇದು ಬೂಸ್ಟ್ ಥ್ರೆಶೋಲ್ಡ್. ಆದ್ರೆ 2,500 ಆರ್‌ಪಿಎಂನಲ್ಲಿ ಒತ್ತಿದ್ರೂ ಬೂಸ್ಟ್ ತಡವಾಗಿ ಬಂದ್ರೆ ಅದು ಲ್ಯಾಗ್. ದೊಡ್ಡ ಟರ್ಬೊ ಹಾಕಿದಾಗ ಎರಡೂ ಸ್ವಲ್ಪ ಹೆಚ್ಚಾಗುತ್ತವೆ. ಅದೇ ಆಕಾರದ, ಅದೇ ಲೋಹದ ಚಕ್ರವನ್ನು ಎಲ್ಲ ಅಳತೆಯಲ್ಲೂ 10% ದೊಡ್ಡದು ಮಾಡಿದ್ರೆ ಅದರ ಮೊಮೆಂಟ್ ಆಫ್ ಇನರ್ಷಿಯಾ ಸುಮಾರು 61% ಹೆಚ್ಚುತ್ತೆ, ಯಾಕಂದ್ರೆ ಅದು ವ್ಯಾಸದ ಐದನೇ ಘಾತದ ಲೆಕ್ಕದಲ್ಲಿ ಬೆಳೆಯುತ್ತೆ. ಹಾಗಾಗಿ ಸ್ವಲ್ಪ ತಡ ಆಗೋದು ದೋಷ ಅಲ್ಲ. ಅದಕ್ಕಿಂತ ಜಾಸ್ತಿ ಆದ್ರೆ ಹುಡುಕಬೇಕು.

ನಮಗೆಲ್ಲ ಗೊತ್ತಿರೋ ಸ್ವಿಫ್ಟ್ ಡೀಸೆಲ್ ತಗೊಳ್ಳಿ. ಅದರ 1,248 ಸಿಸಿ ಎಂಜಿನ್ನಿಗೆ ಇದ್ದದ್ದು ಸಣ್ಣ ಮಾಮೂಲಿ ಟರ್ಬೊ, ಶಕ್ತಿ ಸುಮಾರು 75 ಎಚ್‌ಪಿ. ಇದೇ ಎಂಜಿನ್ ಎರ್ಟಿಗಾ, ಸಿಯಾಜ್ ಕಾರುಗಳಲ್ಲಿ ವಿಜಿಟಿ ಟರ್ಬೊ ಜೊತೆ ಸುಮಾರು 90 ಎಚ್‌ಪಿ ಕೊಡ್ತಿತ್ತು. ವಿಜಿಟಿಯಲ್ಲಿ ಟರ್ಬೈನ್ ಸುತ್ತ ತಿರುಗೋ ಪುಟ್ಟ ರೆಕ್ಕೆಗಳಿರುತ್ತವೆ. ಕಡಿಮೆ ಆರ್‌ಪಿಎಂನಲ್ಲಿ ಅವು ಮುಚ್ಚಿಕೊಂಡು ದಾರಿ ಕಿರಿದು ಮಾಡಿದ್ರೆ ಹೊಗೆ ಜೋರಾಗಿ ನುಗ್ಗಿ ಚಕ್ರ ಬೇಗ ತಿರುಗುತ್ತೆ. 'ಅದನ್ನೇ ಸ್ವಿಫ್ಟ್‌ಗೆ ಹಾಕಿದ್ರೆ ಆಯ್ತಲ್ಲ' ಅಂತ ಅನ್ಸುತ್ತೆ. ಆದ್ರೆ ಸ್ವಿಫ್ಟ್‌ನ ಇಸಿಯು ಮ್ಯಾಪ್‌ನಲ್ಲಿ ಆ ರೆಕ್ಕೆಗಳನ್ನು ನಡೆಸೋ ಲೆಕ್ಕವೇ ಇಲ್ಲ. ಅವು ತೆರೆದೇ ಉಳಿದ್ರೆ ಹೊಸ ಟರ್ಬೊ ಹಳೆಯದಕ್ಕಿಂತ ಸೋಮಾರಿ ಆಗುತ್ತೆ.

ಹುಡುಕೋ ಕ್ರಮ ಹೀಗಿರಲಿ.

1. ರೀಡಿಂಗ್ ನೋಡಿ. ಒಬಿಡಿ ಸ್ಕ್ಯಾನರ್ ಹಾಕಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ನಮ್ಮ ಜಿಲ್ಲೆಯ ಬಯಲು ಭಾಗ ಸಮುದ್ರ ಮಟ್ಟಕ್ಕಿಂತ ಸಾಕಷ್ಟು ಮೇಲಿದೆ, ಹಾಗಾಗಿ ಮ್ಯಾಪ್ ಸೆನ್ಸರ್ 101 ಅಲ್ಲ, ಸುಮಾರು 93 ಕಿಲೋಪ್ಯಾಸ್ಕಲ್ ತೋರಿಸಬೇಕು. ತುಂಬಾ ವ್ಯತ್ಯಾಸ ಇದ್ರೆ ಸೆನ್ಸರ್ ಮೇಲೇ ಅನುಮಾನ ಪಡಿ. ಆಮೇಲೆ ಗಾಡಿ ಓಡ್ತಿರುವಾಗ ಇಸಿಯು ಕೇಳ್ತಿರೋ ಬೂಸ್ಟ್ ಮತ್ತು ನಿಜವಾಗಿ ಬರ್ತಿರೋ ಬೂಸ್ಟ್ ಎರಡನ್ನೂ ರೆಕಾರ್ಡ್ ಮಾಡಿ. ಕೇಳ್ತಿರೋದೇ ಕಡಿಮೆ ಇದ್ರೆ ಸಮಸ್ಯೆ ಮ್ಯಾಪಿಂಗ್ ಅಥವಾ ಸೆನ್ಸರ್‌ನದು. ಕೇಳ್ತಿದೆ, ಆದ್ರೆ ಬರ್ತಿಲ್ಲ ಅಂದ್ರೆ ಮುಂದಿನ ಹೆಜ್ಜೆಗೆ ಹೋಗಿ. ಈ ಪರೀಕ್ಷೆ ಡೈನೊ ಮೇಲೆ ಆಗಲಿ, ಹೆದ್ದಾರಿಯಲ್ಲಿ ಬೇಡ.

2. ಗಾಳಿ ಸೋರ್ತಿದೆಯಾ? ಟರ್ಬೊದಿಂದ ಇಂಟರ್‌ಕೂಲರ್, ಅಲ್ಲಿಂದ ಎಂಜಿನ್‌ವರೆಗಿನ ಹೋಸ್ ಮತ್ತು ಕ್ಲಾಂಪ್ ನೋಡಿ. ಟರ್ಬೊ ಬಿಚ್ಚಿ ಹಾಕುವಾಗ ಕೈ ತಾಗೋದು ಇವಕ್ಕೇ. ಪಂಕ್ಚರ್ ಅಂಗಡಿಯವರ ಉಪಾಯವೇ ಇಲ್ಲೂ ನಡೆಯುತ್ತೆ: ಎಂಜಿನ್ ಆಫ್ ಇರುವಾಗ, ಪೈಪಿನ ಒಂದು ತುದಿ ಮುಚ್ಚಿ ಹದವಾಗಿ ಗಾಳಿ ತುಂಬಿ, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದಲ್ಲಿ ಸೋರಿಕೆ. ಡೀಸೆಲ್ ಗಾಡಿಯಲ್ಲಿ ಜೊತೆಗೆ ಕರಿ ಹೊಗೆ ಬರ್ತಿದ್ರೆ ಅನುಮಾನ ಇನ್ನೂ ಗಟ್ಟಿ: ಸೆನ್ಸರ್ ಲೆಕ್ಕ ಹಾಕಿದ ಗಾಳಿ ಎಂಜಿನ್ ಸೇರ್ತಿಲ್ಲ ಅಂತ ಅರ್ಥ.

3. ಹೊಗೆ ಸೋರ್ತಿದೆಯಾ? ಮ್ಯಾನಿಫೋಲ್ಡ್ ಮತ್ತು ಟರ್ಬೊ ಮಧ್ಯದ ಗ್ಯಾಸ್ಕೆಟ್ ಸುತ್ತ ಮಸಿ ಕಟ್ಟಿದ್ರೆ, ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗ 'ಟಿಕ್ ಟಿಕ್' ಸದ್ದು ಬಂದ್ರೆ, ಚಕ್ರ ತಿರುಗಿಸಬೇಕಾದ ಹೊಗೆ ದಾರಿಯಲ್ಲೇ ತಪ್ಪಿಸಿಕೊಳ್ತಿದೆ.

4. ಆಕ್ಚುಯೇಟರ್ ಸರಿ ಇದೆಯಾ? ಮಾಮೂಲಿ ಟರ್ಬೊದಲ್ಲಿ ವೇಸ್ಟ್‌ಗೇಟ್ ಬೇಗ ತೆರೆದುಕೊಂಡ್ರೆ ಬೂಸ್ಟ್ ಏರಲ್ಲ. ವ್ಯಾಕ್ಯೂಮ್‌ನಿಂದ ನಡೆಯೋ ವಿಜಿಟಿಯಲ್ಲಿ ಸಣ್ಣ ಪೈಪ್ ಒಂದು ಬಿರುಕು ಬಿಟ್ಟಿದ್ರೂ ಸಾಕು, ರೆಕ್ಕೆಗಳು ಮುಚ್ಚಲ್ಲ. ಕೈ ಪಂಪಿನಿಂದ ವ್ಯಾಕ್ಯೂಮ್ ಕೊಟ್ಟು ರಾಡ್ ನಯವಾಗಿ ಚಲಿಸುತ್ತಾ ನೋಡಿ. ಸೆಕೆಂಡ್ ಹ್ಯಾಂಡ್ ಟರ್ಬೊ ಆದ್ರೆ ಮಸಿ ತುಂಬಿ ರೆಕ್ಕೆ ಹಿಡಿದುಕೊಂಡಿರಬಹುದು.

ಈ ನಾಲ್ಕೂ ಸರಿ ಇದ್ದು ಇನ್ನೂ ತಡ ಆದ್ರೆ, ಆ ಟರ್ಬೊ ನಿಮ್ಮ ಎಂಜಿನ್ನಿಗೆ ದೊಡ್ಡದಾಯ್ತು ಅಂತ ಒಪ್ಪಿಕೊಳ್ಳಬೇಕು. ರೀಮ್ಯಾಪ್ ಮಾಡಿ ಸ್ವಲ್ಪ ಸುಧಾರಿಸಬಹುದು, ಚಕ್ರದ ತೂಕ ಕಮ್ಮಿ ಆಗಲ್ಲ.

ಇನ್ನೊಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಗಳಿಗಿಂತ ಬೇರೆ ಆಗೋ ಹಾಗೆ ವಾಹನ ಬದಲಾಯಿಸುವಂತಿಲ್ಲ. ಇನ್ಶೂರೆನ್ಸ್ ಕ್ಲೇಮ್ ಸಮಯದಲ್ಲೂ ಇದು ತೊಂದರೆ ಕೊಡಬಹುದು. ಮನೆಯವರೆಲ್ಲ ಓಡಾಡೋ ಕಾರಿಗೆ ಕೈ ಹಾಕೋ ಮುಂಚೆ ಇದನ್ನು ಯೋಚಿಸಿ. ಈಗಾಗಲೇ ಹಾಕಿಸಿದ್ದು ಎಳೀತಿಲ್ಲ ಅಂದ್ರೆ ಮೂರನೇ ಟರ್ಬೊ ಹುಡುಕಬೇಡಿ. ಮೊದಲು ಕ್ಲಾಂಪ್‌ಗಳಿಗೆ ಸೋಪಿನ ನೀರು ಹಚ್ಚಿ ನೋಡಿ.